ಸೊಲೊಮೋನನ ಚಿನ್ನ ಪೆರುವಿನಿಂದ ಬಂತಾ? ಹಳೇ ವಾದದ ಹೊಸ ಓಡಾಟ

ಯೂಟ್ಯೂಬಲ್ಲಿ ಪುರಾತನ ರಹಸ್ಯ ಅಂತ ಒಂದೆರಡು ವಿಡಿಯೋ ನೋಡಿದ್ರೆ ಸಾಕು, ಆಮೇಲೆ ಅಲ್ಗಾರಿದಮ್ಮೇ ತಂದು ಮುಂದಿಡುತ್ತೆ: ಬೈಬಲ್ಲಿನ ಸೊಲೊಮೋನ ರಾಜ ಜೆರುಸಲೇಮಿನ ದೇವಾಲಯಕ್ಕೆ ಹೊದಿಸಿದ ಚಿನ್ನ ಎಲ್ಲಿಂದ ಬಂತು ಗೊತ್ತಾ, ಪೆರುವಿನಿಂದ, ಅಮೆಜಾನ್ ಕಾಡಿನಿಂದ, ಇತಿಹಾಸಕಾರರು ಇದನ್ನ ಮುಚ್ಚಿಟ್ಟಿದಾರೆ, ಹೀಗೆ. ಹಿಂದೆ ಒಂದು ಗಂಭೀರ ಮ್ಯೂಸಿಕ್ಕು, ಮ್ಯಾಪ್ ಮೇಲೆ ಓಡೋ ಕೆಂಪು ಗೆರೆ. ಮುಚ್ಚಿಟ್ಟಿದಾರೆ ಅನ್ನೋದೇ ತಮಾಷೆ. ಈ ವಾದ 1572ರಲ್ಲೇ ಸ್ಪೇನಿನ ರಾಜನ ಆಶ್ರಯದಲ್ಲಿ ಅಚ್ಚಾದ ಬೈಬಲ್ಲಿನ ಜೊತೆಗೆ ಮ್ಯಾಪ್ ಸಮೇತ ಪ್ರಿಂಟ್ ಆಗಿತ್ತು, ಅದಾಗಿ 18 ವರ್ಷಕ್ಕೆ ಪೆರುವಿನಲ್ಲೇ ಬದುಕಿ ಬಂದ ಒಬ್ಬ ಪಾದ್ರಿ ಅದನ್ನ ಒಂದೊಂದಾಗಿ ಬಿಚ್ಚಿ ಸುಳ್ಳು ಅಂತ ತೋರಿಸಿಯೂ ಆಗಿತ್ತು. ಅಷ್ಟಾದ್ರೂ ಅದು ಸಾಯಲಿಲ್ಲ. ಯಾಕೆ ಸಾಯಲಿಲ್ಲ ಅನ್ನೋದೇ ನನಗೆ ಇಂಟರೆಸ್ಟಿಂಗ್ ಅನ್ಸೋ ಪ್ರಶ್ನೆ.

ಮೊದ್ಲು ಬೈಬಲ್ಲಲ್ಲಿ ಏನಿದೆ ನೋಡ್ಬೇಕು, ವಿಡಿಯೋ ಮಾಡೋರು ಅದನ್ನ ಪೂರ್ತಿ ಓದಲ್ಲ. ಅರಸುಗಳು ಮೊದಲನೇ ಪುಸ್ತಕದ 9ನೇ ಅಧ್ಯಾಯದ ಪ್ರಕಾರ ಸೊಲೊಮೋನ ಎದೋಮ್ ಸೀಮೆಯಲ್ಲಿ, ಕೆಂಪು ಸಮುದ್ರದ ದಡದಲ್ಲಿ, ಎಚ್ಯೋನ್ಗೆಬೆರ್ ಅನ್ನೋ ಕಡೆ ಹಡಗು ಕಟ್ಟಿಸಿದ, ತೂರ್ ಪಟ್ಟಣದ ರಾಜ ಹೀರಾಮ ಸಮುದ್ರ ಬಲ್ಲ ತನ್ನ ನಾವಿಕರನ್ನ ಕಳಿಸಿಕೊಟ್ಟ, ಅವರು ಓಫೀರಿಗೆ ಹೋಗಿ 420 ತಲಾಂತು ಚಿನ್ನ ತಂದ್ರು. ಇದೇ ಕಥೆ ಪೂರ್ವಕಾಲವೃತ್ತಾಂತದ ಎರಡನೇ ಪುಸ್ತಕಕ್ಕೆ ಬರೋ ಹೊತ್ತಿಗೆ 450 ತಲಾಂತು ಆಗಿದೆ. ತಲಾಂತು ಅಂದ್ರೆ ಸುಮಾರು 34 ಕೆಜಿ, ಲೆಕ್ಕ ಹಾಕಿದ್ರೆ 14 ಟನ್ ದಾಟುತ್ತೆ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಗಣಿ ಇವತ್ತಿನ ಮಷೀನು ಸಯನೈಡು ಎಲ್ಲಾ ಇಟ್ಕೊಂಡು ವರ್ಷಕ್ಕೆ ಎರಡು ಟನ್ನೂ ತೆಗೆಯಲ್ಲ, ಹಾಗಾಗಿ ಆ ಅಂಕಿಯನ್ನ ಎಷ್ಟು ನಂಬಬೇಕು ಅನ್ನೋದು ಬೇರೆ ಚರ್ಚೆ. ಮುಂದಿನ ಅಧ್ಯಾಯದಲ್ಲಿ ಓಫೀರಿನಿಂದ ಒಂದು ಬಗೆಯ ಬೆಲೆಬಾಳೋ ಮರ, ರತ್ನ ಕೂಡ ಬಂತು ಅಂತಿದೆ, ಆಮೇಲೆ ತಾರ್ಷೀಷ್ ಅನ್ನೋ ದೂರದ ನಾಡಿನ ಹೆಸರಿನ ಹಡಗುಗಳು ಮೂರು ವರ್ಷಕ್ಕೊಂದು ಸಲ ಚಿನ್ನ, ಬೆಳ್ಳಿ, ಆನೆ ದಂತ, ಕೋತಿ, ನವಿಲು ತರ್ತಿದ್ವು ಅಂತಿದೆ. ಇನ್ನೊಂದು ಕಡೆ ದೇವಾಲಯದ ಚಿನ್ನ ಪರ್ವಯಿಮಿನದು ಅಂತ ಒಂದೇ ಒಂದು ಮಾತು ಬರುತ್ತೆ. ಆದಿಕಾಂಡದ ವಂಶಾವಳಿಯಲ್ಲಿ ಓಫೀರ್ ಅನ್ನೋದು ಊರಲ್ಲ, ಒಬ್ಬ ಮನುಷ್ಯ: ಯೊಕ್ತಾನನ ಮಗ, ಶೆಬ ಮತ್ತು ಹವೀಲ ಅನ್ನೋ ಅಣ್ಣತಮ್ಮಂದಿರ ಮಧ್ಯೆ ಬರೋ ಹೆಸರು.

ಅಷ್ಟೇ. ದಿಕ್ಕು ಹೇಳಿಲ್ಲ, ಎಷ್ಟು ದೂರ ಅಂತ ಹೇಳಿಲ್ಲ, ಅಲ್ಲಿ ಯಾರಿದ್ರು ಅಂತಾನೂ ಹೇಳಿಲ್ಲ. ಹಾಗಾಗಿ ಯಾರು ಬೇಕಾದ್ರೂ ಓಫೀರನ್ನ ಎಲ್ಲಿ ಬೇಕಾದ್ರೂ ಇಡಬಹುದು, ಎರಡು ಸಾವಿರ ವರ್ಷದಿಂದ ಅದೇ ನಡೀತಿದೆ. ಒಂದನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಅದು ಇಂಡಿಯಾದಲ್ಲಿದೆ ಅಂದ. ಸೊಪಾರ ಅಂದ್ರೆ ಮುಂಬೈ ಪಕ್ಕದ ಈಗಿನ ನಾಲಾಸೋಪಾರಾ, ಸಿಂಧೂ ನದಿಯ ಮುಖದ ಆಭೀರರ ನಾಡು, ಆಫ್ರಿಕಾದ ಸೋಫಾಲಾ, ಸುಮಾತ್ರಾ ಎಲ್ಲವೂ ಲಿಸ್ಟಿಗೆ ಬಂದವು. ಮಲೇಷ್ಯಾದ ಗುನುಂಗ್ ಲೆಡಾಂಗ್ ಬೆಟ್ಟಕ್ಕೆ ಇವತ್ತಿಗೂ ಮೌಂಟ್ ಓಫೀರ್ ಅನ್ನೋ ಇನ್ನೊಂದು ಹೆಸರಿದೆ. ಈಚೆಗೆ ಫಿಲಿಪ್ಪೀನ್ಸ್‌ನವರು ನಮ್ಮ ದೇಶವೇ ಓಫೀರ್ ಅಂತ ಸೋಶಿಯಲ್ ಮೀಡಿಯಾದಲ್ಲಿ ಜೋರಾಗಿ ಶುರು ಮಾಡಿದಾರೆ.

ಅಮೆರಿಕಾ ಈ ಲಿಸ್ಟಿಗೆ ಸೇರಿದ್ದು ಕೊಲಂಬಸ್ಸಿಂದಲೇ. ಅವನು ಕೊನೆವರೆಗೂ ತಾನು ಏಷ್ಯಾದ ಅಂಚಿಗೆ ಬಂದಿದೀನಿ ಅಂತಾನೇ ನಂಬಿದ್ದ ಮನುಷ್ಯ, ಹಿಸ್ಪಾನಿಯೋಲಾ ದ್ವೀಪದಲ್ಲಿ, ಅಂದ್ರೆ ಈಗಿನ ಹೈಟಿ ಮತ್ತು ಡೊಮಿನಿಕನ್ ರಿಪಬ್ಲಿಕ್ ಇರೋ ದ್ವೀಪದಲ್ಲಿ, ಒಂಚೂರು ಚಿನ್ನ ಕಂಡ ತಕ್ಷಣ ಇದೇ ಓಫೀರ್ ಅಂದುಬಿಟ್ಟ. 1503ರಲ್ಲಿ ನಾಲ್ಕನೇ ಯಾನದ ಕೊನೆಗೆ ಹಡಗು ಕೆಟ್ಟು ಜಮೈಕಾದಲ್ಲಿ ಸಿಕ್ಕಿಹಾಕ್ಕೊಂಡಾಗ ಅವನು ಸ್ಪೇನಿನ ರಾಜ ರಾಣಿಗೆ ಬರೆದ ಕಾಗದ ಇದೆ, ಅದರಲ್ಲಿ ದಾವೀದ ತನ್ನ ಮಗ ಸೊಲೊಮೋನನಿಗೆ ದೇವಾಲಯಕ್ಕೆ ಅಂತ ಬಿಟ್ಟುಹೋದ ಚಿನ್ನ ಇದೇ ಸೀಮೆಯದು ಅಂತ ಜೋಸೆಫಸ್ ಹೆಸರು ಹೇಳಿ ವಾದ ಮಾಡ್ತಾನೆ, ಚಿನ್ನ ಇದ್ದವನು ಲೋಕದಲ್ಲಿ ಬೇಕಾದ್ದು ಮಾಡಬಹುದು, ಆತ್ಮಗಳನ್ನ ಸ್ವರ್ಗಕ್ಕೂ ಕಳಿಸಬಹುದು ಅಂತಾನೂ ಬರೀತಾನೆ. ಆ ಹೊತ್ತಿಗೆ ಅವನ ಪರಿಸ್ಥಿತಿ ನೋಡಿ. ಹಡಗು ಹೋಗಿದೆ, ಗವರ್ನರ್ ಪದವಿ ಹೋಗಿದೆ, ಕೊಟ್ಟ ಮಾತಿನಷ್ಟು ಚಿನ್ನ ಸಿಕ್ಕಿಲ್ಲ. ನಾನು ಹುಡುಕಿದ ಜಾಗ ಸಾಮಾನ್ಯದ್ದಲ್ಲ, ಸೊಲೊಮೋನನ ಗಣಿ, ಈ ದುಡ್ಡಲ್ಲೇ ಜೆರುಸಲೇಮನ್ನ ಮತ್ತೆ ಗೆಲ್ಲಬಹುದು ಅಂದ್ರೆ ರಾಜಮನೆತನ ಇನ್ನೊಂದು ಸಲ ಕೈ ಬಿಚ್ಚಬಹುದು ಅನ್ನೋ ಆಸೆ. ನಿಜವಾಗಲೂ ನಂಬಿದ್ದನಾ, ಅಥವಾ ಪಿಚ್ ಮಾಡ್ತಿದ್ದನಾ ಅಂದ್ರೆ, ಎರಡೂ ಇತ್ತು ಅನ್ಸುತ್ತೆ.

ಕೊಲಂಬಸ್ ಸತ್ತ ಮೇಲೆ ನಿಜವಾದ ಚಿನ್ನ ಸಿಕ್ತು. 1532ರಲ್ಲಿ ಸ್ಪೇನಿನ ದಂಡಿನ ನಾಯಕ ಪಿಸಾರೋ ಪೆರುವಿನ ಕಾಹಾಮಾರ್ಕಾದಲ್ಲಿ ಇಂಕಾ ದೊರೆ ಅಟಾವಾಲ್ಪನನ್ನ ಹಿಡಿದ, ಬಿಡುಗಡೆಗೆ ಒಂದು ಕೋಣೆ ತುಂಬ ಚಿನ್ನ ಅಂತ ಮಾತಾಯ್ತು, ಕರಗಿಸಿದ್ಮೇಲೆ ಸುಮಾರು ಆರು ಟನ್ ಆಯ್ತು, ಅದನ್ನ ತಗೊಂಡು ಅವನನ್ನ ಕೊಂದೇ ಹಾಕಿದ್ರು. 1545ರಲ್ಲಿ ಪೊಟೋಸಿಯ, ಅಂದ್ರೆ ಈಗಿನ ಬೊಲಿವಿಯಾದ, ಬೆಳ್ಳಿ ಬೆಟ್ಟ ಸಿಕ್ತು. ಸೆವಿಲ್ಲೆ ಬಂದರಿಗೆ ಹಡಗು ಹಡಗು ಲೋಹ ಬಂದು ಇಳೀತಿರೋ ಕಾಲದಲ್ಲಿ ಯೂರೋಪಿನ ಓದಿದೋರಿಗೆ ಒಂದು ದೊಡ್ಡ ತಲೆನೋವು ಕೂಡ ಇಳಿದಿತ್ತು, ಅದನ್ನ ನಾವು ಇವತ್ತು ಮರೀತೀವಿ. ಬೈಬಲ್ ಪ್ರಕಾರ ಪ್ರಳಯ ಆದ್ಮೇಲೆ ಭೂಮಿ ಮೇಲಿರೋ ಎಲ್ಲರೂ ನೋಹನ ಮೂರು ಮಕ್ಕಳ ಸಂತಾನ. ಹಾಗಾದ್ರೆ ಈ ಪೆರುವಿನ ಜನ ಯಾರ ಮಕ್ಕಳು? ಒಂದು ಇಡೀ ಖಂಡದ ಬಗ್ಗೆ ಧರ್ಮಗ್ರಂಥಕ್ಕೆ ಗೊತ್ತೇ ಇಲ್ಲ ಅಂತ ಹೇಳೋಕೆ ಆ ಕಾಲದಲ್ಲಿ ಯಾರಿಗೂ ಧೈರ್ಯ ಇರಲಿಲ್ಲ. ಓಫೀರ್ ಅನ್ನೋ ಮನುಷ್ಯ ಹೋಗಿ ಪೆರುವಿನಲ್ಲಿ ನೆಲೆಸಿದ ಅಂದುಬಿಟ್ರೆ ಎರಡೂ ಸಮಸ್ಯೆ ಒಂದೇ ಏಟಿಗೆ ಮುಗೀತು, ಜನದ ಮೂಲವೂ ಸಿಕ್ತು, ಚಿನ್ನದ ಮೂಲವೂ ಸಿಕ್ತು.

ಈ ಕೆಲಸವನ್ನ ಅಚ್ಚುಕಟ್ಟಾಗಿ ಮಾಡಿದೋನು ಬೆನಿಟೋ ಅರಿಯಾಸ್ ಮೊಂಟಾನೊ. ಸಾಮಾನ್ಯದವನಲ್ಲ, ಹೀಬ್ರೂ ಅರಾಮಿಕ್ ಎಲ್ಲಾ ಬಲ್ಲ ದೊಡ್ಡ ವಿದ್ವಾಂಸ, ಎರಡನೇ ಫಿಲಿಪ್ ದೊರೆಗಾಗಿ ಆಂಟ್ವರ್ಪಿನಲ್ಲಿ ಪ್ಲಾಂಟಿನ್ ಪ್ರೆಸ್ಸಿನಿಂದ 8 ಸಂಪುಟದ ಬಹುಭಾಷಾ ಬೈಬಲ್ ತಂದವನು. ಅದರ ಅನುಬಂಧದಲ್ಲಿ ಪ್ರಪಂಚದ ಮ್ಯಾಪ್ ಹಾಕಿ ನೋಹನ ವಂಶದೋರು ಯಾರ್ಯಾರು ಎಲ್ಲೆಲ್ಲಿ ಹೋದ್ರು ಅಂತ ಗುರುತು ಮಾಡಿದ. ಅವನ ವಾದ ಏನಂದ್ರೆ, ಓಫೀರ್ ಅನ್ನೋದರ ಅಕ್ಷರ ಆ ಕಡೆ ಈ ಕಡೆ ಮಾಡಿದ್ರೆ ಪೆರು ಆಗುತ್ತೆ. ಪರ್ವಯಿಮ್ ಅನ್ನೋದರ ಕೊನೆಯಲ್ಲಿರೋ ಅಯಿಮ್ ಹೀಬ್ರೂನಲ್ಲಿ ಜೋಡಿಯನ್ನ ಹೇಳೋ ಪ್ರತ್ಯಯ, ಆದ್ರಿಂದ ಪರ್ವಯಿಮ್ ಅಂದ್ರೆ ಎರಡು ಪೆರು, ಒಂದು ಪೆರು ಇನ್ನೊಂದು ಮೆಕ್ಸಿಕೋ ಕಡೆಯದು. ಇದೇ ಧಾಟಿಯಲ್ಲಿ ಓಫೀರನ ಅಪ್ಪ ಯೊಕ್ತಾನನ ಹೆಸರು ಮೆಕ್ಸಿಕೋದ ಯುಕಾಟಾನ್‌ನಲ್ಲಿ ಉಳಿದಿದೆ ಅನ್ನೋದೂ ಸೇರ್ಕೊಂಡಿತು. ನೋಡೋಕೆ ಎಷ್ಟು ಚೆನ್ನಾಗಿದೆ ಅಲ್ವಾ, ಮೂರು ಹೆಸರು ಮೂರೂ ಕೂತ್ಕೊಳ್ಳುತ್ತೆ. ಇವತ್ತಿನ ವಿಡಿಯೋಗಳ ಬಂಡವಾಳ ಎಲ್ಲ ಇಲ್ಲಿಂದಲೇ ಬಂದಿದ್ದು, ಹೆಚ್ಚಿನೋರಿಗೆ ಅದು ಗೊತ್ತೂ ಇಲ್ಲ.

ಈಗ ಹೋಸೆ ದೆ ಅಕೋಸ್ಟಾ. ಜೆಸ್ಯೂಟ್ ಪಾದ್ರಿ, 1572ರಲ್ಲೇ ಲಿಮಾಕ್ಕೆ ಬಂದು ಸುಮಾರು 14 ವರ್ಷ ಪೆರುವಿನಲ್ಲಿ ಓಡಾಡಿದೋನು, 1590ರಲ್ಲಿ ಸೆವಿಲ್ಲೆಯಲ್ಲಿ ಅವನ ಇಂಡೀಸ್ ಚರಿತ್ರೆ, ಅಂದ್ರೆ ಅಮೆರಿಕಾದ ಚರಿತ್ರೆ, ಅಚ್ಚಾಯ್ತು. ಅದರ ಮೊದಲ ಭಾಗದಲ್ಲೇ ಈ ಓಫೀರ್ ವಾದವನ್ನ ಎತ್ಕೊಳ್ತಾನೆ, ಅವನ ಉತ್ತರ ಓದ್ತಿದ್ರೆ ಖುಷಿ ಆಗುತ್ತೆ. ಮೊದಲನೇದು, ಪೆರು ಅನ್ನೋದು ಈ ನಾಡಿನ ಹೆಸರೇ ಅಲ್ಲ, ಇಲ್ಲಿನ ಜನ ತಮ್ಮ ದೇಶಕ್ಕೆ ಹಾಗೆ ಕರೆಯೋದೇ ಇಲ್ಲ, ಸ್ಪೇನಿನವರು ಮೊದಲು ಮುಟ್ಟಿದ ಒಂದು ನದಿಯ ಹೆಸರನ್ನ ಇಡೀ ದೇಶಕ್ಕೆ ಅಂಟಿಸಿದ್ದು. ನಿನ್ನೆ ಮೊನ್ನೆ ಹುಟ್ಟಿದ ಹೆಸರು ಸೊಲೊಮೋನನ ಕಾಲಕ್ಕೆ ಹೇಗೆ ಹೋಗುತ್ತೆ? ಎರಡನೇದು ಸರಕು. ಓಫೀರಿನ ಕಡೆಯಿಂದ ಬಂದ ಹಡಗಲ್ಲಿ ಆನೆ ದಂತ ಇತ್ತು ಅಂತಾರಲ್ಲ, ಪೆರುವಿನಲ್ಲಿ ಆನೆ ಎಲ್ಲಿದೆ? ಮೂರನೇದು ದಾರಿ. ಕೆಂಪು ಸಮುದ್ರದಿಂದ ಹೊರಟವನು ಪೂರ್ವದ ಇಂಡೀಸನ್ನ, ಅಲ್ಲಿನ ಚಿನ್ನ ದಂತ ನವಿಲು ಎಲ್ಲ ದಾಟಿ, ಭೂಮಿಯ ಆ ತುದಿಗೆ ಯಾಕೆ ಹೋಗ್ತಾನೆ, ಅದೂ ದಿಕ್ಸೂಚಿ ಇಲ್ಲದೆ? ಇದೆಲ್ಲ ಹೇಳಿ ಆಮೇಲೆ ಒಂದು ಏಟು ಕೊಡ್ತಾನೆ: ಹೆಸರು ಹತ್ತಿರ ಇದ್ರೆ ಸಾಕು ಅನ್ನೋದಾದ್ರೆ, ಇಂಕಾ ದೊರೆಗಳಲ್ಲಿ ಟೀಟು ಮತ್ತು ಪಾವ್ಲು ಅನ್ನೋ ಹೆಸರಿನೋರಿದ್ರು, ಹಾಗಾದ್ರೆ ಅವರು ರೋಮಿನವರೋ ಕ್ರಿಶ್ಚಿಯನ್ನರೋ ಇರಬೇಕಲ್ವಾ ಅಂತ. ರೋಮನ್ ಚಕ್ರವರ್ತಿ ಟೈಟಸ್, ಸಂತ ಪಾಲ್, ಇಬ್ಬರೂ ಇಂಕಾ ರಾಜಧಾನಿ ಕುಸ್ಕೋದಲ್ಲಿ!

ಇದೇ ಅಕೋಸ್ಟಾ ಅದೇ ಪುಸ್ತಕದಲ್ಲಿ ಅಮೆರಿಕಾದ ಜನ ಎಲ್ಲೋ ಉತ್ತರದಲ್ಲಿ ಹಳೇ ಪ್ರಪಂಚಕ್ಕೆ ಅಂಟಿಕೊಂಡಿರೋ ಅಥವಾ ತುಂಬ ಹತ್ತಿರ ಇರೋ ನೆಲದ ಮೇಲಿಂದ ನಡ್ಕೊಂಡು ಬಂದಿರಬೇಕು ಅಂತ ಊಹೆ ಮಾಡಿದ. ಬೇರಿಂಗ್ ಜಲಸಂಧಿ ಅನ್ನೋದು ಯೂರೋಪಿನೋರಿಗೆ ಗೊತ್ತಾಗೋಕೆ ಎಷ್ಟೋ ಮುಂಚೆ. ಅವನೂ ಪಾದ್ರಿನೇ, ಬೈಬಲ್ ಅವನಿಗೂ ದೇವರ ಮಾತೇ. ಆದ್ರೆ ಅವನು ಜಾಗ ನೋಡಿದ್ದ, ಜನದ ಜೊತೆ ಮಾತಾಡಿದ್ದ, ಮೊಂಟಾನೊ ಡಿಕ್ಷನರಿ ನೋಡಿದ್ದ.

ಇಲ್ಲಿಗೆ ಮುಗೀಬೇಕಿತ್ತು. ಅದಕ್ಕೂ ಮುಂಚೆ ನಡೆದ ಒಂದು ಘಟನೆ ಈ ಕಥೆಗೆ ಎಷ್ಟು ಸರಿಯಾಗಿ ಕೂರುತ್ತೆ ಅಂದ್ರೆ ಹೇಳದೆ ಇರೋಕಾಗಲ್ಲ. 1567ರಲ್ಲಿ ಆಲ್ವಾರೋ ದೆ ಮೆಂಡಾನ್ಯ ಅನ್ನೋ ಯುವಕ ಓಫೀರ್ ಥರದ ಚಿನ್ನದ ನಾಡು ಹುಡುಕ್ಕೊಂಡು ಹಡಗು ಹತ್ತಿದ. ಎಲ್ಲಿಂದ? ಪೆರುವಿನ ಕಾಯಾವೋ ಬಂದರಿಂದ! ಯೂರೋಪಿನಲ್ಲಿ ಕೂತೋರಿಗೆ ಪೆರುವೇ ಓಫೀರು, ಪೆರುವಿನಲ್ಲಿ ಇರೋರಿಗೆ ಓಫೀರು ಇನ್ನೂ ಪಶ್ಚಿಮಕ್ಕೆ. 1568ರಲ್ಲಿ ಅವನಿಗೆ ಪೆಸಿಫಿಕ್ಕಿನಲ್ಲಿ ಒಂದಿಷ್ಟು ದ್ವೀಪ ಸಿಕ್ಕವು, ಚಿನ್ನ ಸಿಗಲಿಲ್ಲ, ಹಸಿವು ಜಗಳ ಎಲ್ಲ ಅನುಭವಿಸಿ ವಾಪಸ್ ಬಂದ್ರು. ಆಮೇಲೆ ಬಾಯಿಂದ ಬಾಯಿಗೆ ಅವೇ ಸಾಲೊಮನ್ ದ್ವೀಪಗಳು ಆದವು, ಇವತ್ತು ಅದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರದ ಅಧಿಕೃತ ಹೆಸರು. 1595ರಲ್ಲಿ ಮೆಂಡಾನ್ಯ ಮತ್ತೆ ಹೊರಟ, ತಾನೇ ಕಂಡುಹಿಡಿದ ದ್ವೀಪಗಳು ಅವನಿಗೆ ಎರಡನೇ ಸಲ ಸಿಗಲೇ ಇಲ್ಲ, ಆ ಯಾನದಲ್ಲೇ ಸತ್ತ. ಅಂದಹಾಗೆ ಅವರು ಇಳಿದಿದ್ದ ಗ್ವಾಡಲ್‌ಕನಾಲ್‌ನಲ್ಲಿ ಚಿನ್ನ ನಿಜವಾಗಲೂ ಇದೆ, ನಮ್ಮ ಕಾಲದಲ್ಲಿ ಅಲ್ಲಿ ಗಣಿಯೇ ತೆಗೆದ್ರು.

ಅಕೋಸ್ಟಾ ಉತ್ತರ ಕೊಟ್ಟಮೇಲೂ ವಾದ ನಿಲ್ಲಲಿಲ್ಲ. 17ನೇ ಶತಮಾನದಲ್ಲಿ ಫರ್ನಾಂಡೋ ದೆ ಮೊಂಟೆಸಿನೋಸ್ ಅನ್ನೋ ಇನ್ನೊಬ್ಬ ಪಾದ್ರಿ ಪೆರುವೇ ಓಫೀರ್ ಅಂತ ದೊಡ್ಡ ಹಸ್ತಪ್ರತಿ ಬರೆದ. ದೇವರು ಈ ಗಣಿಗಳನ್ನ ಸೊಲೊಮೋನನಿಗೆ ಕೊಟ್ಟಿದ್ದ, ಈಗ ಸ್ಪೇನಿನ ದೊರೆಗೆ ಕೊಟ್ಟಿದಾನೆ ಅನ್ನೋ ಅರ್ಥ ತಾನೇ ಅದರಿಂದ ಹೊರಡೋದು? ಅಲ್ಲಿಗೆ ಲೂಟಿ ಅನ್ನೋದು ಲೂಟಿ ಆಗಿ ಉಳಿಯಲ್ಲ, ಹಳೇ ಹಕ್ಕು ಆಗಿಬಿಡುತ್ತೆ. ಪೊಟೋಸಿಯ ಸುರಂಗದಲ್ಲಿ ಬಲವಂತದ ಪಾಳಿಯಲ್ಲಿ ಸಾಯ್ತಿದ್ದ ಆಂಡಿಸ್ ಜನಕ್ಕೆ ಈ ದೈವಯೋಜನೆಯಲ್ಲಿ ಏನು ಪಾತ್ರ ಅಂತ ಯಾರೂ ಕೇಳಲಿಲ್ಲ.

19ನೇ ಶತಮಾನದಲ್ಲಿ ಆಟ ಬ್ರೆಜಿಲಿಗೆ ಶಿಫ್ಟ್ ಆಯ್ತು. ಓನ್‌ಫ್ರುವಾ ದೆ ತೊರೋನ್ ಅನ್ನೋ ಫ್ರೆಂಚ್ ಮೂಲದವನು ಸೊಲೊಮೋನನ ಹಡಗುಗಳು ಅಮೆಜಾನ್ ನದಿ ಹತ್ತಿ ಒಳಗೆ ಬಂದವು ಅಂದ, ಅಮೆಜಾನಿನ ಮೇಲ್ಭಾಗಕ್ಕೆ ಸೊಲಿಮೋಯಿಸ್ ಅಂತ ಹೆಸರಿದೆಯಲ್ಲ, ಅದು ಸೊಲೊಮೋನನದೇ ಹೆಸರು ಅಂದ. ಅಲ್ಲಿ ಇದ್ದ ಒಂದು ಬುಡಕಟ್ಟಿನ ಹೆಸರನ್ನ ಪೋರ್ಚುಗೀಸರು ತಮ್ಮ ಬಾಯಿಗೆ ಬಂದಂಗೆ ಕರೆದಿದ್ದು ಅದು. ಮತ್ತೆ ಹೆಸರಿನ ಆಟ.

ಅದೇ ಸುಮಾರಿಗೆ ಪರಾಯಿಬಾ ಕಲ್ಲಿನ ಗಲಾಟೆ. ಇದು ಒಂಥರಾ ಪತ್ತೇದಾರಿ ಕಥೆ. 1872ರಲ್ಲಿ ರಿಯೋದ ಇತಿಹಾಸ ಸಂಸ್ಥೆಗೆ ಒಂದು ಕಾಗದ ಬಂತು: ನಮ್ಮ ಜಮೀನಿನಲ್ಲಿ ಗುಲಾಮರು ಕಲ್ಲು ಸಾಗಿಸುವಾಗ ಒಂದು ಕಲ್ಲು ಒಡೀತು, ಮೇಲೆ ವಿಚಿತ್ರ ಅಕ್ಷರ ಇದೆ, ನಕಲು ಕಳಿಸಿದೀನಿ ಅಂತ. ನ್ಯಾಷನಲ್ ಮ್ಯೂಸಿಯಂನ ಲಾಡಿಸ್ಲಾವ್ ನೆಟ್ಟೋ ಕೂತು ಓದಿದಾಗ ಅದು ಫಿನೀಷಿಯನ್ ಲಿಪಿ, ಅಂದ್ರೆ ತೂರ್, ಸಿದೋನ್ ಪಟ್ಟಣಗಳ ಸಮುದ್ರ ವ್ಯಾಪಾರಿಗಳದು, ಹೀರಾಮನ ಜನರದು. ನಾವು ಸಿದೋನಿನ ಮಕ್ಕಳು, ರಾಜ ಹೀರಾಮನ 19ನೇ ವರ್ಷದಲ್ಲಿ ಎಚ್ಯೋನ್ಗೆಬೆರಿನಿಂದ ಹತ್ತು ಹಡಗಲ್ಲಿ ಹೊರಟ್ವಿ, ಎರಡು ವರ್ಷ ಆಫ್ರಿಕಾ ಸುತ್ತಿದ್ವಿ, ಬಿರುಗಾಳಿಯಲ್ಲಿ ಬೇರೆಯಾದ್ವಿ, ಹನ್ನೆರಡು ಗಂಡಸರು ಮೂರು ಹೆಂಗಸರು ಈ ದಡಕ್ಕೆ ಬಂದಿದೀವಿ, ದೇವರು ಕಾಪಾಡಲಿ, ಹೀಗೆ. ಬೈಬಲ್ಲಿನ ಬಂದರು, ಬೈಬಲ್ಲಿನ ರಾಜನ ಹೆಸರು, ಗ್ರೀಕ್ ಇತಿಹಾಸಕಾರ ಹೀರೊಡೊಟಸ್ ಹೇಳೋ ಆಫ್ರಿಕಾ ಪ್ರದಕ್ಷಿಣೆ, ಎಲ್ಲ ಒಂದೇ ಕಲ್ಲಲ್ಲಿ! ಒಂದೇ ತೊಂದರೆ ಅಂದ್ರೆ ಕಲ್ಲೇ ಇಲ್ಲ. ಎಷ್ಟು ಹುಡುಕಿದ್ರೂ ಆ ಜಮೀನೂ ಸಿಗಲಿಲ್ಲ, ಕಾಗದ ಬರೆದ ಮನುಷ್ಯನೂ ಸಿಗಲಿಲ್ಲ. ಪ್ಯಾರಿಸ್ಸಿನ ವಿದ್ವಾಂಸ ಅರ್ನೆಸ್ಟ್ ರೆನಾನ್ ನೋಡಿ ಫೇಕ್ ಅಂದ, ನೆಟ್ಟೋ ಕೂಡ 1885ರಲ್ಲಿ ಒಪ್ಕೊಂಡ. ಮುಗೀತು ಅನ್ನೋವಾಗ 1968ರಲ್ಲಿ ಅಮೆರಿಕಾದ ಬ್ರಾಂಡೈಸ್ ವಿಶ್ವವಿದ್ಯಾಲಯದ ಸೈರಸ್ ಗಾರ್ಡನ್ ಇಲ್ಲ ಇದು ಅಸಲಿ ಅಂತ ಎತ್ತಿದ, ಹಾರ್ವರ್ಡಿನ ಫ್ರಾಂಕ್ ಮೂರ್ ಕ್ರಾಸ್ ಅಕ್ಷರ ಅಕ್ಷರ ತೆಗೆದು ಇದರಲ್ಲಿ ಬೇರೆ ಬೇರೆ ಶತಮಾನದ ಲಿಪಿ ಕಲಸುಮೇಲೋಗರ ಆಗಿದೆ, 19ನೇ ಶತಮಾನದ ಕೈಪಿಡಿ ಇಟ್ಕೊಂಡು ಯಾರು ಬೇಕಾದ್ರೂ ಬರೀಬಹುದಿತ್ತು ಅಂತ ತೋರಿಸಿದ. ವಿಡಿಯೋಗಳಲ್ಲಿ ಗಾರ್ಡನ್ ಹೆಸರು ಬರುತ್ತೆ, ಕ್ರಾಸ್ ಹೆಸರು ಬರಲ್ಲ.

1989ರಲ್ಲಿ ಜೀನ್ ಸವಾಯ್ ಅನ್ನೋ ಅಮೆರಿಕನ್ ಅನ್ವೇಷಕ ಪೆರುವಿನ ಚಾಚಪೋಯಾಸ್ ಕಡೆಯ ಗುಹೆಯೊಂದರಲ್ಲಿ ಓಫೀರ್ ಹಡಗಿನ ಗುರುತು ಇರೋ ಕಲ್ಲು ಸಿಕ್ತು ಅಂತ ಘೋಷಿಸಿದ. ಈ ಸವಾಯ್ ಬರೀ ಹುಚ್ಚ ಅಲ್ಲ, ಕಾಡಲ್ಲಿ ಮುಚ್ಚಿಹೋಗಿದ್ದ ಇಂಕಾಗಳ ಕೊನೆಯ ನೆಲೆ ವಿಲ್ಕಬಾಂಬಾ ಎಲ್ಲಿತ್ತು ಅಂತ 1964ರಲ್ಲಿ ತೋರಿಸಿದೋನು, ಅದು ನಿಜವಾದ ಸಾಧನೆ. ಆದ್ರೆ ಕಲ್ಲಿನ ಬರಹದ ವಿಷಯವನ್ನ ಪುರಾತತ್ವದೋರು ಯಾರೂ ಒಪ್ಪಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ, ಫಿನೀಷಿಯನ್ನರು ಅಟ್ಲಾಂಟಿಕ್ ದಾಟೋಕೆ ಸಾಧ್ಯ ಇತ್ತಾ ಇಲ್ವಾ? ಸಾಧ್ಯ ಇತ್ತು ಅಂತಾನೇ ಇಟ್ಕೊಳ್ಳಿ. 2019ರ ಕೊನೆಯಲ್ಲಿ ಫಿನೀಷಿಯಾ ಅನ್ನೋ ಹೆಸರಿನ ಹಳೇ ಮಾದರಿಯ ಮರದ ಹಡಗು ಟ್ಯುನೀಷಿಯಾದಿಂದ ಹೊರಟು ಡೊಮಿನಿಕನ್ ರಿಪಬ್ಲಿಕ್ ಮುಟ್ಟೇ ಬಿಡ್ತು, ಕೊಲಂಬಸ್ಸಿನ ಓಫೀರಿಗೇ ಹೋದಂಗಾಯ್ತು. ಆದ್ರೆ ದಾಟೋಕಾಗುತ್ತೆ ಅನ್ನೋದಕ್ಕೂ ದಾಟಿದ್ರು ಅನ್ನೋದಕ್ಕೂ ತುಂಬ ವ್ಯತ್ಯಾಸ ಇದೆ, ಮೂರು ವರ್ಷಕ್ಕೊಂದು ಸಲ ರೆಗ್ಯುಲರ್ ಸರ್ವೀಸ್ ನಡೆಸ್ತಿದ್ರು ಅನ್ನೋದಕ್ಕಂತೂ ಇನ್ನೂ ದೊಡ್ಡ ವ್ಯತ್ಯಾಸ. ಹೋಗಿ ಬಂದ್ರೆ ಗುರುತು ಉಳಿಯುತ್ತೆ. ವೈಕಿಂಗ್ ಜನ ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ ಸ್ವಲ್ಪ ಕಾಲ ಇದ್ದು ಹೋದ್ರು, ಅಷ್ಟಕ್ಕೇ ಮನೆಯ ತಳಪಾಯ, ಕಬ್ಬಿಣ ಕರಗಿಸಿದ ಗುರುತು, ಲೋಹದ ಕೊಡಲಿಯಲ್ಲಿ ಕಡಿದ ಮರ ಎಲ್ಲ ಸಿಕ್ಕಿದೆ, ಆ ಮರ ಕಡಿದಿದ್ದು ಕ್ರಿ.ಶ. 1021ರಲ್ಲಿ ಅಂತ ಮರದ ಉಂಗುರ ನೋಡಿ ವರ್ಷದ ಸಮೇತ 2021ರಲ್ಲಿ ಹೇಳಿದಾರೆ. ಪೆಸಿಫಿಕ್ ಕಡೆ ಪಾಲಿನೇಷ್ಯಾದ ಜನಕ್ಕೂ ದಕ್ಷಿಣ ಅಮೆರಿಕಾದ ಜನಕ್ಕೂ ಸುಮಾರು 1200ನೇ ಇಸವಿಯ ಆಸುಪಾಸು ಬೆರಕೆ ಆಗಿತ್ತು ಅನ್ನೋದು ಡಿಎನ್ಎಯಲ್ಲಿ ಕಾಣುತ್ತೆ, ಸಿಹಿಗೆಣಸು ಅಲ್ಲಿಂದ ದ್ವೀಪಗಳಿಗೆ ಬಂದಿತ್ತು. ಅಂದ್ರೆ ಪಂಡಿತರು ಕೊಲಂಬಸ್ಸಿಗಿಂತ ಮುಂಚೆ ಯಾರೂ ಹೋಗಿಲ್ಲ ಅಂತ ಹಠ ಹಿಡಿದು ಕೂತಿಲ್ಲ, ಸಾಕ್ಷಿ ಬಂದಾಗ ಒಪ್ಕೊಂಡಿದಾರೆ. ಸೊಲೊಮೋನನ ವಿಷಯಕ್ಕೆ ಬಂದ್ರೆ ಇಸ್ರೇಲಿನಲ್ಲಿ ಇಷ್ಟು ಅಗೆದಿದಾರಲ್ಲ, ಒಂದು ಮೆಕ್ಕೆಜೋಳದ ಕಾಳಿಲ್ಲ, ಒಂದು ಮೆಣಸಿನಕಾಯಿ ಬೀಜ ಇಲ್ಲ. ಆ ಕಡೆ ಆಂಡಿಸ್‌ನಲ್ಲಿ ಕಬ್ಬಿಣ ಇಲ್ಲ, ಗೋಧಿ ಇಲ್ಲ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಾಯಿಲೆ: ಸಿಡುಬು ದಡಾರ ಅಮೆರಿಕಾದ ಮೈಗೆ ಪೂರ್ತಿ ಹೊಸದು, ಅದಕ್ಕೇ 1518ರಿಂದ ಶುರುವಾಗಿ ಆ ಪರಿ ಜನ ಸತ್ರು.

ಮೆಕ್ಕೆಜೋಳ ಅಂದಾಗ ನಮ್ಮ ಸೋಮನಾಥಪುರ ನೆನಪಾಗ್ಲೇಬೇಕು. 1989ರಲ್ಲಿ ಕಾರ್ಲ್ ಜೊಹಾನೆಸ್ಸೆನ್ ಅನ್ನೋ ಅಮೆರಿಕನ್ ಭೂಗೋಳ ಪ್ರೊಫೆಸರ್ ಮತ್ತು ಆನ್ ಪಾರ್ಕರ್ ಸೇರಿ ಹೊಯ್ಸಳರ ಕಾಲದ ದೇವಸ್ಥಾನಗಳಲ್ಲಿ, ಮುಖ್ಯವಾಗಿ ಸೋಮನಾಥಪುರದಲ್ಲಿ, ಮೂರ್ತಿಗಳ ಕೈಯಲ್ಲಿರೋದು ಮೆಕ್ಕೆಜೋಳದ ತೆನೆ ಅಂತ ಬರೆದ್ರು. ಮೆಕ್ಕೆಜೋಳ ಅಮೆರಿಕಾದ ಬೆಳೆ, ದೇವಸ್ಥಾನ 1268ರ ಹೊತ್ತಿನದು, ಹಾಗಾಗಿ ಕೊಲಂಬಸ್ಸಿಗೆ ಎರಡು ಶತಮಾನ ಮುಂಚೆಯೇ ಸಂಪರ್ಕ ಇತ್ತು ಅನ್ನೋದು ವಾದ. ಸೋಮನಾಥಪುರದಲ್ಲಿ ಆ ಶಿಲ್ಪ ನೋಡಿದೋರಿಗೆ ಗೊತ್ತು, ಸಾಲು ಸಾಲು ಕಾಳು, ಉದ್ದ ಆಕಾರ, ತೆನೆ ಅನ್ಸೋದು ತಪ್ಪೇನಲ್ಲ. ಆದ್ರೆ 1993ರಲ್ಲಿ ಪಾಯಕ್ ಮತ್ತು ಸಚಾನ್ ಅನ್ನೋ ಭಾರತದ ವಿಜ್ಞಾನಿಗಳು ಅದು ಮೆಕ್ಕೆಜೋಳ ಅಲ್ಲ, ಮುಕ್ತಾಫಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಅಂತ ಉತ್ತರ ಕೊಟ್ರು. ನನಗೆ ಅವರ ಮಾತೇ ಸರಿ ಅನ್ಸುತ್ತೆ, ಅದೂ ಕಲ್ಲು ನೋಡಿ ಅಲ್ಲ. ಹೊಯ್ಸಳರ ಕಾಲದಲ್ಲಿ ರೈತ ಮೆಕ್ಕೆಜೋಳ ಬೆಳೀತಿದ್ರೆ ಶಾಸನದಲ್ಲಿ ತೆರಿಗೆ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಬರಬೇಕಿತ್ತು, ಗದ್ದೆ ತೋಟ ಎಣ್ಣೆಗಾಣ ಒಂದನ್ನೂ ಬಿಡದೆ ಬರೆದ ಜನ ಅವರು. ಮೊಂಟಾನೊಗೆ ಹೆಸರು ಹೇಗೋ ಜೊಹಾನೆಸ್ಸೆನ್ ಮತ್ತು ಪಾರ್ಕರ್‌ಗೆ ಆಕಾರ ಹಾಗೆ.

ಚಿನ್ನವನ್ನೇ ಪರೀಕ್ಷೆ ಮಾಡಿ ಎಲ್ಲಿಯದು ಅಂತ ಹೇಳೋಕಾಗಲ್ವಾ ಅಂತ ಕೇಳಬಹುದು. ಚಿನ್ನದಲ್ಲಿ ಅದು ಕಷ್ಟ, ಯಾಕಂದ್ರೆ ಕರಗಿಸಿ ಕರಗಿಸಿ ಮತ್ತೆ ಮತ್ತೆ ಬಳಸ್ತಾರೆ, ನಾಲ್ಕು ದೇಶದ ಚಿನ್ನ ಒಂದೇ ಬಳೆಯಲ್ಲಿ ಸೇರಿರುತ್ತೆ. ಅದೂ ಅಲ್ದೆ ಸೊಲೊಮೋನನ ದೇವಾಲಯದ್ದು ಅಂತ ಖಚಿತವಾಗಿ ಹೇಳಬಹುದಾದ ಒಂದು ಗ್ರಾಂ ಚಿನ್ನವೂ ಯಾರ ಕೈಯಲ್ಲೂ ಇಲ್ಲ. ಬೆಳ್ಳಿಯಲ್ಲಿ ಇದು ಸುಲಭ. ಬೆಳ್ಳಿಯಲ್ಲಿ ಬೆರೆತಿರೋ ಸೀಸದ ಐಸೋಟೋಪ್ ನೋಡಿದ್ರೆ ಗಣಿಯ ಗುರುತು ಸಿಗುತ್ತೆ. ಇಸ್ರೇಲಿನಲ್ಲಿ ಸಿಕ್ಕ ಫಿನೀಷಿಯನ್ ಕಾಲದ ಬೆಳ್ಳಿಯ ಚೂರುಗಳನ್ನ ಹೀಗೆ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದಾರೆ, ಉತ್ತರ ಬಂದಿದ್ದು ಅನಟೋಲಿಯಾ, ಸಾರ್ಡೀನಿಯಾ, ಆಮೇಲೆ ಸ್ಪೇನ್. ತಾರ್ಷೀಷ್ ಪಶ್ಚಿಮ ಮೆಡಿಟರೇನಿಯನ್ ಕಡೆ ಇರಬೇಕು ಅಂತ ಮುಂಚಿನಿಂದ ಹೇಳ್ತಿದ್ದೋರಿಗೆ ಇದು ಒಳ್ಳೆ ಸಪೋರ್ಟು. ಪೊಟೋಸಿ ಕಡೆಯ ಗುರುತು ಬಂದಿದ್ರೆ ಅದು ಪ್ರಪಂಚದ ಎಲ್ಲ ಪೇಪರಿನಲ್ಲೂ ಮೊದಲ ಪುಟ.

ಯಾರೋ ಏನೋ ನಂಬಿಕೊಂಡ್ರೆ ನಮಗೇನು ಅನ್ನೋರಿಗೆ ಆಫ್ರಿಕಾದ ಗ್ರೇಟ್ ಜಿಂಬಾಬ್ವೆ ಅನ್ನೋ ಹಳೇ ಪಟ್ಟಣದ ಅವಶೇಷ ತೋರಿಸಬೇಕು. 1871ರಲ್ಲಿ ಕಾರ್ಲ್ ಮೌಖ್ ಅನ್ನೋ ಜರ್ಮನ್ ಆ ಕಲ್ಲಿನ ಕೋಟೆಗೆ ಬಂದ, ಬಾಗಿಲಿನ ತೊಲೆಯ ಒಂದು ಚೂರು ಕೆತ್ತಿ ತನ್ನ ಸೀಸದಕಡ್ಡಿಯ ಮರಕ್ಕೆ ಹೋಲಿಸಿ ನೋಡಿದ, ಎರಡೂ ಒಂದೇ ಥರ ವಾಸನೆ ಬಣ್ಣ, ಪೆನ್ಸಿಲ್ ಸೀಡರ್ ಮರದ್ದು, ಆದ್ರಿಂದ ಇದು ಲೆಬನಾನಿನ ಸೀಡರ್, ಆದ್ರಿಂದ ಕಟ್ಟಿಸಿದ್ದು ಬೈಬಲ್ಲಲ್ಲಿ ಸೊಲೊಮೋನನನ್ನ ನೋಡೋಕೆ ಬಂದ ಶೆಬದ ರಾಣಿ, ಇದೇ ಓಫೀರು! ಅದು ಅಲ್ಲೇ ಬೆಳೆಯೋ ಮರ. 1905ರಲ್ಲಿ ರಾಂಡಲ್ ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಅಗೆದು ಇದನ್ನ ಕಟ್ಟಿದ್ದು ಆಫ್ರಿಕಾದ ಜನರೇ ಅಂತ ಸ್ಪಷ್ಟವಾಗಿ ಹೇಳಿದ್ರೂ, ರೊಡೇಷಿಯಾದ (ಈಗಿನ ಜಿಂಬಾಬ್ವೆ) ಬಿಳಿಯರ ಸರ್ಕಾರ 1970ರ ದಶಕದವರೆಗೂ ಆ ಮಾತನ್ನ ಗೈಡ್ ಪುಸ್ತಕದಲ್ಲಿ ಬರದಂಗೆ ನೋಡ್ಕೊಳ್ತಿತ್ತು. ಕಪ್ಪು ಜನ ಕಟ್ಟಿದ್ದು ಅಂತ ಒಪ್ಪಿದ್ರೆ ನಾಡು ಅವರದು ಅಂತಾನೂ ಒಪ್ಪಬೇಕಾಗುತ್ತಲ್ಲ.

ಪೆರುವಿನ ಓಫೀರ್ ಕೂಡ ಅದನ್ನೇ ಮಾಡುತ್ತೆ, ಸ್ವಲ್ಪ ಮೆತ್ತಗೆ. ಟಿಟಿಕಾಕಾ ಕೆರೆಯ ಹತ್ತಿರ ಹಿಸ್ಕೈರುಮೋಕೊ ಅನ್ನೋ ಕಡೆ ಒಂದು ಸಮಾಧಿಯಲ್ಲಿ ಬಡಿದು ತಗಡು ಮಾಡಿ ಸ್ಥಳೀಯರೇ ಮಾಡಿದ ಚಿನ್ನದ 9 ಮಣಿಗಳ ಹಾರ ಸಿಕ್ಕಿದೆ, ಸುಮಾರು ಕ್ರಿ.ಪೂ. 2100ರದ್ದು. ಸೊಲೊಮೋನನಿಗಿಂತ ಸಾವಿರ ವರ್ಷ ಮುಂಚೆ. ಅಲ್ಲಿನ ಜನ ಚಿನ್ನದ ಕೆಲಸವನ್ನ ತಾವೇ ಕಲಿತು ತಮ್ಮ ದೇವರಿಗೆ ತಮ್ಮ ದೊರೆಗೆ ಮಾಡ್ಕೊಂಡಿದ್ದನ್ನ, ಯಾವನೋ ಹಡಗಿನವನು ಬಂದು ಗಣಿ ತೋಡಿದ ಕಥೆಯಾಗಿ ಮಾಡೋದು ನನಗೆ ಇತಿಹಾಸಕ್ಕಿಂತ ಹೆಚ್ಚಾಗಿ ಅಗೌರವ ಅನ್ಸುತ್ತೆ.

ಹಾಗಾದ್ರೆ ಓಫೀರ್ ಎಲ್ಲಿ? ಬೈಬಲ್ ಬಿಟ್ಟು ಓಫೀರಿನ ಹೆಸರು ಬರೋ ಶಾಸನ ಒಂದೇ, ಅದೂ ಒಂದು ಮಡಕೆ ಚೂರು. 1946ರಲ್ಲಿ ಈಗಿನ ಟೆಲ್ ಅವೀವ್ ಒಳಗಿರೋ ತೆಲ್ ಖಸೀಲೆಯಲ್ಲಿ ಸಿಕ್ಕಿದ್ದು, ಕ್ರಿ.ಪೂ. 8ನೇ ಶತಮಾನದ್ದು ಅಂತಾರೆ, ಓಫೀರಿನ ಚಿನ್ನ, ಬೇತ್ ಹೋರೋನಿಗೆ, 30 ಶೆಕೆಲ್ ಅಂತ ಬರೆದಿದೆ. ಅಂದ್ರೆ 340 ಗ್ರಾಂ ಅಷ್ಟು, ಒಂದು ಒಳ್ಳೆ ಮದುವೆಮನೆ ಚಿನ್ನ. ನಮ್ಮ ಕಡೆಯ ಹಕ್ಕೂ ಸುಮ್ಮನೆ ತಳ್ಳಿಹಾಕೋದಲ್ಲ, ನವಿಲಿಗೆ ಬೈಬಲ್ ಬಳಸೋ ತುಕ್ಕಿ ಅನ್ನೋ ಪದ ತಮಿಳಿನ ತೋಕೈ, ನಮ್ಮ ತೋಕೆಗೆ ಹತ್ತಿರ ಅಂತ ದ್ರಾವಿಡ ಭಾಷೆಗಳ ಪಂಡಿತ ಕಾಲ್ಡ್‌ವೆಲ್ 19ನೇ ಶತಮಾನದಲ್ಲೇ ಹೇಳಿದ್ರು, ಓಫೀರಿನಿಂದ ಬಂದ ಆ ಬೆಲೆಬಾಳೋ ಮರ ಗಂಧದ ಮರ ಇರಬಹುದು ಅಂತಾನೂ ಕೆಲವರು ಅಂದ್ರು. ಆದ್ರೆ ಅದು ನವಿಲೇ ಅಲ್ಲ, ಈಜಿಪ್ಟಿನ ಪದ, ಇನ್ನೊಂದು ಜಾತಿ ಕೋತಿ ಅನ್ನೋ ವಾದವೂ ಇದೆ. ಪೆರುವಿಗೆ ಒಂದು ನ್ಯಾಯ ನಮಗೊಂದು ನ್ಯಾಯ ಆಗಲ್ಲ, ಬರೀ ಪದದ ಮೇಲೆ ಕೋಲಾರಕ್ಕೆ ಓಫೀರ್ ಪಟ್ಟ ಕಟ್ಟೋಕಾಗಲ್ಲ. ವಂಶಾವಳಿಯಲ್ಲಿ ಅಕ್ಕಪಕ್ಕದ ಹೆಸರು ದಕ್ಷಿಣ ಅರೇಬಿಯಾದ್ದು, ಹೊರಟ ಬಂದರು ಕೆಂಪು ಸಮುದ್ರದ್ದು, ಹಾಗಾಗಿ ಹೆಚ್ಚಿನ ವಿದ್ವಾಂಸರ ಕಣ್ಣು ಇರೋದು ಕೆಂಪು ಸಮುದ್ರದ ಎರಡು ದಡದ ಮೇಲೆ: ಸೌದಿಯ ಪಶ್ಚಿಮ ಭಾಗ, ಯೆಮೆನ್, ಆ ಕಡೆ ಸುಡಾನ್, ಎರಿಟ್ರಿಯಾ, ಸೊಮಾಲಿಯಾ. ಸೌದಿಯ ಮಹ್ದ್ ಅದ್ ದಹಬ್ ಗಣಿಯೇ ಓಫೀರ್ ಇರಬಹುದು ಅಂತ 1976ರಲ್ಲಿ ಅಮೆರಿಕನ್ ಭೂವಿಜ್ಞಾನಿಗಳು ಹೇಳಿದ್ದು ಪೇಪರಿನಲ್ಲೆಲ್ಲ ಬಂದಿತ್ತು, ಅಲ್ಲಿ ಹಳೇ ಗಣಿಗಾರಿಕೆಯ ಗುಡ್ಡೆಗಳು ಬೇಕಾದಷ್ಟಿವೆ.

ಯೆಮೆನ್, ಸುಡಾನ್ ಕಡೆಯಂತೂ ಅಗೆದು ನೋಡೋದು ಈಗ ಆಗದ ಮಾತು. ಯೆಮೆನ್‌ನಲ್ಲಿ 2014ರಿಂದ ಯುದ್ಧ, ಸುಡಾನಿನಲ್ಲಿ 2023ರಿಂದ ಇನ್ನೊಂದು. ಅದಕ್ಕೂ ಮುಂಚಿನಿಂದ ಸುಡಾನಿನ ಮರುಭೂಮಿಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನ ಹುಡುಕೋ ಜನ ಹಳೇ ಊರು ಹಳೇ ಗಣಿ ಅಂತ ನೋಡದೆ ಅಗೀತಿದಾರೆ, 2020ರಲ್ಲಿ ಜಬಲ್ ಮರಾಘಾ ಅನ್ನೋ ಎರಡು ಸಾವಿರ ವರ್ಷದ ನೆಲೆಯನ್ನ ಜೆಸಿಬಿ ಥರದ ಮಷೀನು ತಂದು ದೊಡ್ಡ ಕಂದಕ ತೋಡಿ ಪೂರ್ತಿ ಹಾಳು ಮಾಡಿದ್ರು, ಅಧಿಕಾರಿಗಳು ಹೋಗಿ ನೋಡೋ ಹೊತ್ತಿಗೆ ಉಳಿದಿದ್ದು ಗುಂಡಿ ಮಾತ್ರ.